ಕೆಂಪು ಶಾಯಿ

ಸಮಾಜಕಾರ್ಯ ಓದುವ ಮಕ್ಕಳು ವಾರಕ್ಕೆರಡು ದಿನ ತರಗತಿ ಬಿಟ್ಟು ಜನರ ನಡುವೆ ಹೋಗಬೇಕು. ಅದಕ್ಕೆ ಕ್ಷೇತ್ರಕಾರ್ಯವೆನ್ನುತ್ತಾರೆ. ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತೆಂದು ವರ್ಷ ವರ್ಷವೂ ಪಾಠ ಹೇಳುವ ನನಗೆ, ಓದಲು ಬಂದವರ ಮನೆಯೂ ಸಮಾಜವೇ ಎಂದು ಹೊಳೆದದ್ದು ತಡವಾಗಿ.

2023ರ ಕೊನೆಯ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಹಲಸೂರಿನ ಸೋಮೇಶ್ವರ ದೇವಸ್ಥಾನದ ಬಳಿ ಎಲ್ಲರೂ ಸೇರಬೇಕಿತ್ತು. ಇಂದಿರಾನಗರದ ಹುಡುಗಿಯರು ಸ್ಕೂಟರಿನಲ್ಲಿ ಮೊದಲೇ ಬಂದಿಳಿಯುವರು. ಕೆ.ಆರ್. ಪುರದವಳೊಬ್ಬಳು ಮಾತ್ರ ಒಂಬತ್ತೂವರೆಗೆ ಏದುಸಿರು ಬಿಡುತ್ತ ಬರುವಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ಅವಳ ವರದಿಯ ಇಂಗ್ಲಿಷಿಗೂ ಅದೇ ಕೆಂಪು ಶಾಯಿ.

ಒಂದು ದಿನ ಓಣಿಯ ಮನೆಯೊಂದಕ್ಕೆ ಹೋದೆವು. ಒಬ್ಬಳು ನಮೂನೆ ಹಿಡಿದು, "ತಿಂಗಳ ಆದಾಯ ಎಷ್ಟು?" ಎಂದು ಕೇಳಿದಳು. ಮನೆಯಾಕೆ ಬಾಯಿ ಬಿಡಲಿಲ್ಲ. ಈ ಹುಡುಗಿ ನೆಲದ ಮೇಲೆ ಕೂತು, "ಅಕ್ಕಾ, ಈ ತಿಂಗಳ ಚೀಟಿ ಕಟ್ಟಿದ್ದಾಯ್ತಾ?" ಎಂದಳು. ಅಷ್ಟೇ, ಆಕೆ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಸಾಲ, ಗಂಡನ ಕೆಲಸ, ಮಗನ ಫೀಸು ಎಲ್ಲ ಹೇಳಿಕೊಂಡಳು.

ಹಿಂದಿರುಗುವಾಗ, "ಅದನ್ನೇ ಕೇಳಬೇಕೆಂದು ನಿನಗೆ ಹೇಗೆ ಗೊತ್ತಾಯಿತು?" ಎಂದೆ.

"ನಮ್ಮನೇಲೂ ಇದೇ ಅಲ್ವಾ ಮೇಡಂ."

ಸೆಂಟ್ರಿಂಗ್ ಕೆಲಸದ ತಂದೆ ಮೇಲಿಂದ ಬಿದ್ದು ಹಾಸಿಗೆ ಹಿಡಿದಿದ್ದರು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಇವಳು ಎರಡು ಮನೆಗಳಲ್ಲಿ ಅಡುಗೆ ಮುಗಿಸಿ ಬಸ್ಸು ಹತ್ತುತ್ತಿದ್ದಳು. ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದದ್ದರಿಂದಲೇ ಓದಿಗೆ ಸೇರುವ ಧೈರ್ಯ ಮಾಡಿದ್ದಳಂತೆ. ಟಿಕೆಟ್ಟಿನ ದುಡ್ಡು ಉಳಿಯಿತು, ಬೆಳಗಿನ ಹೊತ್ತು ಉಳಿಯಲಿಲ್ಲ. ಬೆಳಗಿನ ಅರ್ಧ ಗಂಟೆಯ ಬೆಲೆ ಸಂಸಾರ ಮಾಡಿದ ನಮಗೆ ತಿಳಿಯದ್ದೇ?

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಮ್ಮನೇನೂ ಒಂದು ಕೇಸು ಮಾಡಿ ಬರೀತಾರೇನೋ ಅನ್ನಿಸ್ತು ಮೇಡಂ."

ಮುಂದಿನ ವಾರದಿಂದ ಹತ್ತಕ್ಕೆ ಸೇರತೊಡಗಿದೆವು. ವರದಿಯನ್ನು ಮೊದಲು ಕನ್ನಡದಲ್ಲಿ ಬರೆದು ತಾ ಎಂದೆ. ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಿರುಗಿಸುವೆವು. ಆ ಕನ್ನಡದ ಪುಟಗಳಲ್ಲಿ ತಿದ್ದಲು ನನಗೇನೂ ಸಿಗುತ್ತಿರಲಿಲ್ಲ. ಆದರೆ ಹಳೆಯ ಗೆರೆಗಳ ಲೆಕ್ಕ ಆಗಲೇ ಮೇಲೆ ಹೋಗಿತ್ತು. ಎರಡು ಅಂಕದಲ್ಲಿ ಅವಳಿಗೆ ಆ ಸಲ ಪ್ರಥಮ ದರ್ಜೆ ತಪ್ಪಿತು. ಅವಳು ಒಂದು ಮಾತೂ ಆಡಲಿಲ್ಲ.

ಈಗಲೂ ತಡವಾಗಿ ಬರುವವರಿದ್ದಾರೆ. ಪೆನ್ನು ತೆಗೆಯುವ ಮೊದಲು, "ತಿಂಡಿ ಆಯ್ತೇನಮ್ಮಾ?" ಎಂದು ಕೇಳುತ್ತೇನೆ.