ದುರ್ಗದ ಬಿಸಿಲಿಗೆ ಪುಟ್ಟ ಅಂಗಳದ ಸಿದ್ಧತೆ

ಶಿವರಾತ್ರಿ ಕಳೆಯಿತೆಂದರೆ ಚಿತ್ರದುರ್ಗದಲ್ಲಿ ಬಿಸಿಲು ಬಾಗಿಲಿಗೇ ಬಂದು ಕೂತಂತೆ. ನಿಮ್ಮ ಹಿತ್ತಲ ಅಂಗಳ ಹತ್ತಡಿ ಅಗಲದ್ದೇ? ಚಿಂತೆ ಬೇಡ.

ಮೊದಲು ನೆರಳು. ಹಗಲು ಕಾದ ಚಪ್ಪಡಿ ರಾತ್ರಿಯೆಲ್ಲ ಕಾವು ಉಗುಳುತ್ತದೆ. ಕಲ್ಲು ಕಾಯದ ಹಾಗೆ ನೋಡಿಕೊಳ್ಳುವುದೇ ಜಾಣತನ. ಹೊಸದುರ್ಗದ ತೆಂಗಿನ ಗರಿಯೋ ಹೊಳಲ್ಕೆರೆಯ ಅಡಿಕೆ ಸೋಗೆಯೋ ಸಿಕ್ಕರೆ ನಾಲ್ಕು ಬಿದಿರು ಕಟ್ಟಿ ಚಪ್ಪರ ಹಾಕಿಸಿ. ಪಡುವಣ ಬದಿಗೆ ಒಂದು ತಟ್ಟಿ ಇಳಿಬಿಡಿ. ಒಲೆ ಮಾತ್ರ ದೂರವಿರಲಿ.

ಇನ್ನು ನೀರು. ನಮ್ಮ ಸೀಮೆಯಲ್ಲಿ ಅದು ಬಂಗಾರವೇ ಸರಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ! ಕೋಟೆ ಕಟ್ಟಿದವರು ಇದನ್ನರಿತೇ ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕಿದ್ದು ಅಕ್ಕತಂಗಿ ಹೊಂಡಕ್ಕೆ ಹರಿಯುವಂತೆ ಮಾಡಿದ್ದರು. ನಾವೂ ಹಾಗೇ ಮಾಡೋಣ. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಜಾಲಿಸಿದ ಕೊನೆಯ ನೀರು ಚಪ್ಪಡಿಗೆ. ಮಟಮಟ ಮಧ್ಯಾಹ್ನ ಚಿಮುಕಿಸಿದರೆ ಬರೀ ಧಗೆ. ಹೊತ್ತು ಮುಳುಗಿದ ಮೇಲೆ ಚಿಮುಕಿಸಿ.

ಮಣ್ಣಿನ ಹೂಜಿಯನ್ನು ಗಾಳಿಯಾಡುವ ನೆರಳಲ್ಲಿ ಒದ್ದೆ ಮರಳಿನ ಮೇಲಿಡಿ. ಗುಬ್ಬಿಗೊಂದು ಬೋಗುಣಿ ಮರೆಯಬೇಡಿ. ಸಂಜೆ ಜೋಗಿಮಟ್ಟಿ ಕಡೆಯ ಗಾಳಿ ಬೀಸಿದಾಗ ಚಾಪೆ ಹಾಸಿ ಕೂತುಬಿಡಿ. ದಿನವಿಡೀ ಒಲೆ ಮುಂದೆ ಬೆಂದ ನಿಮಗೂ ಒಂದು ತಣ್ಣನೆಯ ಜಾಗ ಬೇಡವೇ?