ಬೆರಳು, ಕಾರ್ಡು, ಮುಖ: ಕಳಲೆ ಕಡೆಯ ಟಿಪ್ಪಣಿಗಳು

ನಂಜನಗೂಡು ತಾಲ್ಲೂಕಿನ ಕಳಲೆ ಕಡೆಯ ಒಂದು ನ್ಯಾಯಬೆಲೆ ಅಂಗಡಿ. ಅಜ್ಜಿಯೊಬ್ಬರು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒರೆಸಿ ಮಿಷನ್ ಮೇಲೆ ಒತ್ತುತ್ತಿದ್ದಾರೆ. ‘ತಕ್ಕತ್ತಾ ಇಲ್ಲ ಕನವ್ವ, ಎಡಗೈದು ಮಡಗು’ ಅಂತಾರೆ ಅಂಗಡಿಯವರು. ಅದೂ ಆಗಲಿಲ್ಲ. ‘ನನ್ನ ನೀ ಕಾಣೆಯೇನಪ್ಪ?’ ಅಂತಾರೆ ಅಜ್ಜಿ. ಅಂಗಡಿಯವರಿಗೆ ಆಕೆ ಗೊತ್ತು, ಆಕೆಯ ಮನೆ ಗೊತ್ತು. ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಮಿಷನ್ನಿಗೆ ಮಾತ್ರ. ಅಕ್ಕಿ ಅಳೆಯುವುದು ಮಾತ್ರ ಅದರ ಮಾತಿನ ಮೇಲೆ.

ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ, ಮೂರನೇ ತಿಂಗಳ ಹೊತ್ತಿಗೆ ಮೂಡತೊಡಗುತ್ತದೆ. ಅದರ ವಿನ್ಯಾಸ ಸಾಯುವತನಕ ಬದಲಾಗದು. ಆದರೆ ಗೆರೆ ಸವೆಯುತ್ತದೆ. ಈ ಸೀಮೆಯಲ್ಲಿ ನಾಟಿ, ಕಳೆ, ಕಬ್ಬು ಕಡಿಯುವುದು, ಬಾಳೆಯ ಸೊನೆ, ಪಾತ್ರೆ ತಿಕ್ಕುವ ಪುಡಿ ಎಲ್ಲ ಬೆರಳಿನ ಮೇಲೇ. ವಯಸ್ಸಾದರೆ ಚರ್ಮವೂ ಒಣಗುತ್ತದೆ. ಪಡಿತರದ ಅಕ್ಕಿ ಯಾರಿಗೆ ತೀರಾ ಬೇಕೋ ಅವರ ಬೆರಳೇ ಹೆಚ್ಚು ಸವೆದಿರುತ್ತದೆ. ಇದನ್ನು ಮೊದಲೇ ಯಾರೂ ಯೋಚಿಸಲಿಲ್ಲವೇ?

ಮಿಷನ್ ‘ಇವರೇ’ ಅಂತ ಖಚಿತವಾಗಿ ಎಂದೂ ಹೇಳುವುದಿಲ್ಲವಂತೆ. ಈಗ ಒತ್ತಿದ ಗುರುತು ಹಿಂದೆ ಆಧಾರ್‌ಗೆ ಕೊಟ್ಟ ಗುರುತಿಗೆ ಎಷ್ಟು ಹತ್ತಿರ ಅಂತ ಲೆಕ್ಕ ಹಾಕುತ್ತದೆ, ಗೊತ್ತುಮಾಡಿದ ಮಟ್ಟ ದಾಟಿದರೆ ಒಪ್ಪುತ್ತದೆ. ಜರಡಿಯ ಕಣ್ಣು ಸಣ್ಣದು ಮಾಡಿದರೆ ಅಕ್ಕಿಯೂ ಮೇಲೇ ಉಳಿಯುತ್ತದೆ, ದೊಡ್ಡದು ಮಾಡಿದರೆ ಕಲ್ಲೂ ಇಳಿಯುತ್ತದೆ. ಹಾಗಿದ್ದರೆ ‘ಹೊಂದಲಿಲ್ಲ’ ಅಂದಮಾತ್ರಕ್ಕೆ ‘ಇವರು ಬೇರೆ’ ಅಂತಾಗದು. ಆದರೆ ಕೌಂಟರಿನಲ್ಲಿ ಅದನ್ನು ಹಾಗೇ ಓದುತ್ತಾರೆ.

ಇನ್ನು ನಂಜನಗೂಡು ಬಸ್ಸು. 2023ರ ಜೂನ್ 11ರಂದು, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡುವ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರು ಆಧಾರ್ ತೋರಿಸುತ್ತಾರೆ, ಕಂಡಕ್ಟರ್ ಫೋಟೋ ನೋಡಿ, ಮುಖ ನೋಡಿ, ಶೂನ್ಯ ಟಿಕೆಟ್ ಹರಿಯುತ್ತಾರೆ. ಅದೇ ಹೆಂಗಸು, ಅದೇ ಕಾರ್ಡು. ಬಸ್ಸಿನಲ್ಲಿ ಸಾಕಾದ ಕಣ್ಣು ಅಂಗಡಿಯಲ್ಲಿ ಯಾಕೆ ಸಾಲದು?

ಚಿಪ್ ಇರುವ ಕಾರ್ಡಿನ ಬಗೆ ಬೇರೆ. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲೇ ಅಂಥದಕ್ಕೆ ಪೇಟೆಂಟ್ ಕೇಳಿದ್ದರು. ಇವತ್ತಿನ ಎಟಿಎಂ ಕಾರ್ಡಿನ ಚಿಪ್ ತನ್ನೊಳಗಿನ ಗುಟ್ಟಿನ ಕೀಲಿಯನ್ನು ಹೊರಗೆ ಬಿಡದೆ, ಕೇಳಿದ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರವನ್ನಷ್ಟೇ ಕೊಡುತ್ತದೆ. ಕಳೆದುಹೋದರೆ ಬ್ಲಾಕ್ ಮಾಡಿಸಿ ಹೊಸದು ತರಬಹುದು. ಬೆರಳಿನ ಗುರುತೇ ಕಳವಾದರೆ? 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆದರೆಂಬ ದೂರುಗಳು ಬಂದವು. ಆಧಾರ್ ಬಯೋಮೆಟ್ರಿಕ್ ಅನ್ನು ಲಾಕ್ ಮಾಡುವ ಸೌಲಭ್ಯ ಇದೆ. ಹಳ್ಳಿಗಳಲ್ಲಿ ಅದನ್ನು ಹೇಳಿಕೊಡುವವರನ್ನು ನಾನು ಕಂಡಿಲ್ಲ.

ಮತಗಟ್ಟೆಯ ವಿಷಯಕ್ಕೆ ಬಂದರೆ ನನ್ನ ಗೊಂದಲ ಇನ್ನೂ ಹೆಚ್ಚುತ್ತದೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎನಿಸಿಕೊಂಡಿರುವ ಕಾರ್ಖಾನೆಯ ಶಾಯಿ 1962ರ ಚುನಾವಣೆಯಿಂದ ದೇಶದ ಬೆರಳಿಗೆ ಹತ್ತುತ್ತಿದೆ. ಆ ಶಾಯಿ ನೀವು ಯಾರೆಂದು ಕೇಳದು, ಮತ ಹಾಕಿದ್ದೀರಿ ಅಂತಷ್ಟೇ ಹೇಳುತ್ತದೆ. ಯಾರೆಂದು ನೋಡುವವರು ಅಲ್ಲಿ ಕೂತಿರುವ ಮತಗಟ್ಟೆ ಅಧಿಕಾರಿಗಳು ಮತ್ತು ಅಭ್ಯರ್ಥಿಗಳ ಏಜೆಂಟರು. ‘ಇವರು ಅವರಲ್ಲ’ ಅಂತ ಏಜೆಂಟ್ ತಕರಾರು ಎತ್ತಬೇಕಾದರೆ 2 ರೂಪಾಯಿ ಠೇವಣಿ ಇಟ್ಟು, ಮೊದಲು ತಾನೇ ಪುರಾವೆ ಕೊಡಬೇಕು. ಕೊಡಲಾಗದಿದ್ದರೆ ಮತದಾರರಿಗೆ ಮತ ಹಾಕಲು ಬಿಡಬೇಕು. ಸಂಶಯಪಟ್ಟವನ ಮೇಲೇ ಭಾರ! ಸರ್ಕಾರವನ್ನೇ ಆರಿಸುವ ಜಾಗದಲ್ಲಿ ಈ ನಂಬಿಕೆ, ಅಕ್ಕಿ ಕೊಡುವ ಜಾಗದಲ್ಲಿ ಭಾರವೆಲ್ಲ ಅಜ್ಜಿಯ ಹೆಬ್ಬೆಟ್ಟಿನ ಮೇಲೆ. ಇದು ತಿರುಗುಮುರುಗಾಗಿದೆ ಅನ್ನುವುದೇ ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಆಧಾರ್ ಮೊದಲು ಶುರುವಾದದ್ದು 2010ರಲ್ಲಿ, ನಮ್ಮ ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಅದನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪು ಸಬ್ಸಿಡಿಗಳಿಗೆ ಆಧಾರ್ ಉಳಿಸಿತು. ಆದರೆ ಬೆರಳು ಹೊಂದಲಿಲ್ಲವೆಂದು ಅರ್ಹರನ್ನು ಬರಿಗೈಲಿ ಕಳಿಸಬಾರದು ಅನ್ನುವ ಮಾತೂ ಅದರಲ್ಲಿದೆ. ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಹೀಗೆ ಸೂಚಿಸಿತ್ತು.

ಓದುವವರಲ್ಲಿ ಒಂದು ಬೇಡಿಕೆ. ನಿಮ್ಮ ಊರಿನ ಅಂಗಡಿಯಲ್ಲಿ ಯಾರದಾದರೂ ಬೆರಳು ಹೊಂದದಿದ್ದರೆ ಅವರ ಪರವಾಗಿ ನೀವು ಬಾಯಿಬಿಡಿ. ಒಟಿಪಿ ಕೇಳಿ, ಮನೆಯ ಇನ್ನೊಬ್ಬರ ಬೆರಳು ಆಗುವುದೇ ಕೇಳಿ. ಯಾವುದೂ ಆಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಿ ಅನ್ನಿ. ಒಪ್ಪದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಅವತ್ತೇ ಅರ್ಜಿ ಬರೆದುಕೊಡಿ.