ಹಡಗು ಹತ್ತಿದ ಸೂಟ್‌ಕೇಸು

ನಮ್ಮ ಮನೆಯಲ್ಲಿ ಊರಿಗೆ ಹೊರಡುವುದೆಂದರೆ ಎರಡು ದಿನ ಮೊದಲೇ ಜಗಳ ಶುರುವಾಗಬೇಕು. ನಮ್ಮವರು ಎರಡು ಜೊತೆ ಬಟ್ಟೆ, ಒಂದು ಟವೆಲು, ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ಕಾಶಿಗೂ ಹೋಗಿಬರುವ ಪೈಕಿ. ನಾನು ಹಾಗಲ್ಲ. ಮಳೆ ಬಂದರೆ, ಚಳಿಯಾದರೆ, ಊಟ ಸೇರದಿದ್ದರೆ, ಹೊಟ್ಟೆ ಕೆಟ್ಟರೆ... ಈ ‘ರೆ’ಗಳಿಗೆಲ್ಲ ಒಂದೊಂದು ಸಾಮಾನು ನನ್ನ ಕೈಗೆಟುಕುವಲ್ಲಿ ಇರಲೇಬೇಕು. ಹಾಗಾಗಿ ನಮ್ಮ ದೊಡ್ಡ ನೀಲಿ ಸೂಟ್‌ಕೇಸನ್ನು ಮೂವತ್ತು ವರ್ಷದಿಂದ ಯಾರೂ ಒಬ್ಬರೇ ಎತ್ತಿದ್ದಿಲ್ಲ.

2019ರ ಜನವರಿಯಲ್ಲಿ ನಾವು ಮೂವರೂ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದೆವು. ಬ್ಯಾಂಕಿನಲ್ಲಿದ್ದ ನಮ್ಮವರಿಗೆ ಪ್ರವಾಸದ ಭತ್ಯೆಯ ಅವಧಿ ಮುಗಿಯುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಮಗ. 2018ರ ನೀಟ್ ಪರೀಕ್ಷೆಯಲ್ಲಿ ಅವನಿಗೆ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಒಂದು ವರ್ಷ ಕೂತು ಓದಿ ಮತ್ತೆ ಬರೆಯೆಂದು ಹೇಳಿದವಳು ನಾನೇ. ಬೆಳಿಗ್ಗೆ ಆರಕ್ಕೆ ಕೋಚಿಂಗ್, ಸಂಜೆ ಮತ್ತೆ ಕೋಚಿಂಗ್, ರಾತ್ರಿ ಹನ್ನೊಂದರವರೆಗೆ ಟೇಬಲ್ ಲ್ಯಾಂಪು. ಡಿಸೆಂಬರಿನ ಹೊತ್ತಿಗೆ ಹುಡುಗ ಮಾತೇ ಕಡಿಮೆ ಮಾಡಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ನೋಡಿಕೊಂಡು ಉಂಡು ಎದ್ದುಹೋಗುತ್ತಿದ್ದ. “ಐದು ದಿನ ಸಮುದ್ರದ ಗಾಳಿ ಕುಡಿದು ಬರಲಿ” ಎಂದರು ನಮ್ಮವರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ರೈಲಿನ ದಿನಗಳೂ ಸೇರಿದರೆ ಒಂಬತ್ತು ದಿನ. ದಿನಕ್ಕೆ ಅರವತ್ತು ಪ್ರಶ್ನೆಯಂತೆ ಐನೂರ ನಲವತ್ತು ಪ್ರಶ್ನೆ ನೀರಿಗೆ!

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಮಗೆ ದೊಡ್ಡ ನೀರೆಂದರೆ ಸೂಳೆಕೆರೆ. ಹಡಗಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳುವವರು ಬೀದಿಯಲ್ಲಿ ಯಾರೂ ಇರಲಿಲ್ಲ. ಟಿಕೆಟ್ ಮಾಡಿಸಿಕೊಟ್ಟವರು ಮಾತ್ರ, “ಒಬ್ಬೊಬ್ಬರಿಗೆ ಒಂದೇ ಚೀಲ, ನೀವೇ ಹೊತ್ತು ಮೆಟ್ಟಿಲು ಹತ್ತುವಷ್ಟು ಸಾಕು” ಎಂದಿದ್ದರಂತೆ. ನಮ್ಮವರು ಅದನ್ನು ಮೂರು ಸಲ ಹೇಳಿದರು. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಕ್ಕುಲಿ, ಒಗ್ಗರಣೆ ಹಾಕಿದ ಮಂಡಕ್ಕಿ ಎಲ್ಲ ಕಟ್ಟಿದೆ. ಮಂಡಕ್ಕಿಗೆ ತೂಕವೆಲ್ಲಿದೆ ಹೇಳಿ? ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಸೂಟ್‌ಕೇಸು ಇಟ್ಟಾಗ ಹತ್ತೊಂಬತ್ತು ಕಿಲೋ ತೋರಿಸಿತು. ಮನೆಗೆ ತಂದು ನಮ್ಮವರ ಸ್ವೆಟರನ್ನೂ ಎರಡು ಬೆಡ್‌ಶೀಟನ್ನೂ ಹೊರಗೆ ತೆಗೆದೆ. ಅವರಿಗೆ ಬಹಳ ಸಂತೋಷವಾಯಿತು. ತೆಗೆದ ಜಾಗದಲ್ಲಿ ಭೌತಶಾಸ್ತ್ರದ ಪ್ರಶ್ನೆಕೋಶವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನ್ನ ಸೀರೆಯ ಮಡಿಕೆಯೊಳಗೆ ಇಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ.

ರೈಲಿನಲ್ಲಿ ಏನೂ ತೊಂದರೆಯಾಗಲಿಲ್ಲ. ಸ್ಲೀಪರ್ ಬೋಗಿಯಲ್ಲಿ ತಲೆಗೆ ನಲವತ್ತು ಕಿಲೋ ಉಚಿತ ಎಂಬುದು ನಿಯಮ. ತೂಗುವವರನ್ನು ನಾನಂತೂ ಕಂಡಿಲ್ಲ. ವಿಮಾನದಲ್ಲಾದರೆ ದೇಶದೊಳಗೆ ಹದಿನೈದು ಕಿಲೋ ದಾಟಿದೊಡನೆ ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಬೇಕು. ಹಡಗು ಇವೆರಡಕ್ಕಿಂತ ದೊಡ್ಡದಲ್ಲವೇ, ಅಲ್ಲಿ ಯಾರು ಕೇಳುತ್ತಾರೆ ಎಂಬುದು ನನ್ನ ಧೈರ್ಯ.

ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ನಮ್ಮ ಹಡಗು ‘ಎಂ.ವಿ. ಕವರತ್ತಿ’ ನಿಂತಿತ್ತು. ಏಳುನೂರು ಜನ ಹಿಡಿಸುವ ಹಡಗು. ವಿಲ್ಲಿಂಗ್ಡನ್ ದ್ವೀಪವೇ ಒಂದು ವಿಚಿತ್ರ. ಬಂದರು ಕಟ್ಟುವಾಗ ತಳದಿಂದ ತೋಡಿದ ಮಣ್ಣನ್ನು ಸುರಿದು, ಮನುಷ್ಯರೇ ಮಾಡಿದ ದ್ವೀಪವದು. ಲಕ್ಷದ್ವೀಪಕ್ಕೆ ಪರವಾನಗಿ ಇಲ್ಲದೆ ಯಾರೂ ಹೋಗುವಂತಿಲ್ಲ. ಮದ್ಯ ಒಯ್ಯುವಂತಿಲ್ಲ. ಸಾಮಾನೆಲ್ಲ ಯಂತ್ರದೊಳಗೆ ಹಾದುಹೋಗಬೇಕು. ನನ್ನ ಸೂಟ್‌ಕೇಸು ಹಾದುಹೋಗುವಾಗ ಪರದೆಯ ಮುಂದಿದ್ದಾತ ಸ್ವಲ್ಪ ಹೊತ್ತು ಬೆರಗಾಗಿ ನೋಡಿದ. ಸುತ್ತಿ ಸುತ್ತಿ ಕಾಣುತ್ತಿದ್ದ ಆಕಾರಗಳು ಚಕ್ಕುಲಿಯೆಂದು ನಾನು ವಿವರಿಸಬೇಕಾಯಿತು.

ಆಮೇಲೆ ಏಣಿ. ನಮ್ಮವರು ಮುಂದೆ, ಮಗ ಹಿಂದೆ, ನಡುವೆ ಸೂಟ್‌ಕೇಸು, ಎಲ್ಲರ ಹಿಂದೆ ನಾನು. ಅರ್ಧ ಹತ್ತಿದ ಮೇಲೆ ನಮ್ಮವರು ನಿಂತು ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಾತಾಡಲಿಲ್ಲ, ಪುಣ್ಯಾತ್ಮರು.

ನಾಲ್ಕು ಹಾಸಿಗೆಯ ಪುಟ್ಟ ಕೋಣೆ. ಕೆಳಗಿನ ಹಾಸಿಗೆಯಡಿ ಚೀಲ ನೂಕಲು ಗೇಣುದ್ದ ಜಾಗ. ಸೂಟ್‌ಕೇಸು ಅಲ್ಲಿ ಹೋಗಲಿಲ್ಲ. ಬಾಗಿಲ ಹೊರಗೆ ಇಟ್ಟರೆ ಸಿಬ್ಬಂದಿ ಬಂದು ಒಳಗಿಡಿ ಎಂದ. ಅವಘಡವಾದರೆ ಜನ ಓಡುವ ದಾರಿ ಅದು, ಚಪ್ಪಲಿ ಕೂಡ ಅಡ್ಡ ಇರಬಾರದಂತೆ. ನಾಲ್ಕನೆಯ ಹಾಸಿಗೆ ಪುಣ್ಯಕ್ಕೆ ಖಾಲಿಯಿತ್ತು. ಆ ರಾತ್ರಿ ಅಲ್ಲಿ ಸೂಟ್‌ಕೇಸು ಹಾಯಾಗಿ ಮಲಗಿತು. ನಾನು ಮಾತ್ರ ಹಡಗಿನ ತೂಗಾಟಕ್ಕೆ ಹೊಟ್ಟೆ ತೊಳೆಸಿ, ಅವೋಮಿನ್ ಮಾತ್ರೆಗಾಗಿ ಆ ಸೂಟ್‌ಕೇಸಿನ ತಳವನ್ನು ಕತ್ತಲಲ್ಲಿ ತಡಕಿದೆ. ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ. ಓದುಗರಲ್ಲಿ ಯಾರಾದರೂ ಹಡಗು ಹತ್ತುವವರಿದ್ದರೆ ಇಷ್ಟು ನೆನಪಿಡಿ: ಮಾತ್ರೆ, ಗುರುತಿನ ಚೀಟಿ, ಪರವಾನಗಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ದೊಡ್ಡ ವಿಹಾರ ಹಡಗುಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ನಿಮ್ಮ ಪೆಟ್ಟಿಗೆಗೆ ಚೀಟಿ ಕಟ್ಟಿ ಧಕ್ಕೆಯಲ್ಲೇ ತೆಗೆದುಕೊಳ್ಳುತ್ತಾರೆ. ಅದು ಕೋಣೆಯ ಬಾಗಿಲಿಗೆ ಬರುವುದು ಎಷ್ಟೋ ಗಂಟೆಗಳ ನಂತರ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು, ಅನ್ನದ ಕುಕ್ಕರು ಇದ್ದರೆ ತೆಗೆದಿಟ್ಟುಕೊಳ್ಳುತ್ತಾರೆ. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟಿ ಬಾಗಿಲ ಹೊರಗಿಡಬೇಕು. 2023ರಲ್ಲಿ ಮುಂಬಯಿಯಿಂದ ಹೋಗಿದ್ದ ನನ್ನ ಓರಗಿತ್ತಿ ಶಿಸ್ತಿನ ಹೆಂಗಸು. ಹೇಳಿದ ಹೊತ್ತಿಗೆ ಎಲ್ಲವನ್ನೂ ಮಡಚಿ ಹೊರಗಿಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಉಳಿದದ್ದು ಮೈಮೇಲಿನ ನೈಟಿಯೊಂದೇ. ಮೇಲೊಂದು ಶಾಲು ಹೊದ್ದು ಮುಂಬಯಿ ಬಂದರಿನಲ್ಲಿ ಇಳಿದಳಂತೆ.

ನಮ್ಮ ಕಥೆಗೆ ಬರುತ್ತೇನೆ. ಕೊಚ್ಚಿಯಿಂದ ಕವರತ್ತಿ ದ್ವೀಪಕ್ಕೆ ಸುಮಾರು ನಾಲ್ಕುನೂರು ಕಿಲೋಮೀಟರು. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ಹಸಿರು ನೀರು. ದೊಡ್ಡ ಹಡಗು ಅಲ್ಲಿಗೆ ಹೋಗುವಂತಿಲ್ಲ. ಹೊರಗೇ ನಿಲ್ಲುತ್ತದೆ. ಹಡಗಿನ ಹೊಟ್ಟೆಯಲ್ಲೊಂದು ಬಾಗಿಲು ತೆರೆಯುತ್ತಾರೆ. ಅದರ ಕೆಳಗೆ ದೋಣಿ. ಅಲೆಗೆ ದೋಣಿ ಏರಿದಾಗ ಕಾಲಿಡಬೇಕು, ಇಳಿದಾಗ ಕಾಯಬೇಕು. ಇಬ್ಬರು ದೋಣಿಯವರು ತೋಳು ಹಿಡಿದು ಇಳಿಸಿಕೊಳ್ಳುತ್ತಾರೆ. ನನ್ನ ಎಡಗೈಯಲ್ಲಿ ತಿಂಡಿಯ ಚೀಲ, ಬಲಗೈಯಲ್ಲಿ ನೀರಿನ ಬಾಟಲಿ. ದೋಣಿಯಾತ ತನ್ನ ಎರಡೂ ಕೈಯನ್ನು ಗಾಳಿಯಲ್ಲಿ ಅಲ್ಲಾಡಿಸಿ ತೋರಿಸಿದ: ಎರಡೂ ಕೈ ಖಾಲಿ ಇರಬೇಕು. ಚೀಲವನ್ನು ಮಗ ಬೆನ್ನಿಗೆ ಹಾಕಿಕೊಂಡ. ನಾನು ದೇವರನ್ನು ನೆನೆದು ಕಾಲಿಟ್ಟೆ.

ಈ ದ್ವೀಪಗಳಿಗೂ ನಮಗೂ ಒಂದು ಹಳೆಯ ನಂಟಿದೆ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಹೋದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಬಂದರಿಗೆ ಹುರಿಹಗ್ಗ, ಕೊಬ್ಬರಿ ತಂದು ಅಕ್ಕಿ ಒಯ್ಯುತ್ತಿದ್ದ ಜನ. ದಡದಲ್ಲಿ ಎಳನೀರು ಕೊಟ್ಟ ಮುದುಕರು ನಾವು ಕರ್ನಾಟಕದವರೆಂದು ತಿಳಿದು, ಮಂಗಳೂರಾ ಎಂದು ಕೇಳಿದರು. ದಾವಣಗೆರೆ ಎಂದೆವು. ಪಾಪ, ಅವರಿಗೆ ಗೊತ್ತಾಗಲಿಲ್ಲ.

ಎರಡನೆಯ ದಿನ ಕಲ್ಪೇನಿಯಲ್ಲಿ ಅದು ನಡೆದದ್ದು. ಕೈಚೀಲಕ್ಕೆ ಪುಸ್ತಕವನ್ನು ಬೆಳಿಗ್ಗೆಯೇ ಸೇರಿಸಿದ್ದೆ. ಮಧ್ಯಾಹ್ನ ಊಟವಾದ ಮೇಲೆ ತೆಂಗಿನ ನೆರಳಿನಲ್ಲಿ ಒಂದು ಗಂಟೆ ಸಿಗುತ್ತದಲ್ಲ, ಇಪ್ಪತ್ತು ಪ್ರಶ್ನೆಯಾದರೂ ಆಗಲಿ ಎಂಬ ಆಸೆ. ಮಗ ನೀರಿನಿಂದ ಎದ್ದು ಬಂದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಇತ್ತು, ಯಾವುದೋ ಮೀನಿನ ಬಣ್ಣ ವರ್ಣಿಸುತ್ತಲೇ ಬಂದ. ಟವೆಲು ತೆಗೆಯಲು ಚೀಲಕ್ಕೆ ಕೈ ಹಾಕಿದ. ಪ್ಲಾಸ್ಟಿಕ್ ಪೊಟ್ಟಣ ಕೈಗೆ ಬಂತು. ಬಿಚ್ಚಿ ನೋಡಿದ. ನನ್ನನ್ನೊಮ್ಮೆ ನೋಡಿದ. ಮೀನಿನ ಮಾತು ಅಲ್ಲಿಗೇ ನಿಂತಿತು. ಪುಸ್ತಕವನ್ನು ಮತ್ತೆ ಸುತ್ತಿ, ಮೊದಲಿದ್ದಲ್ಲೇ ಇಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ದೂರ ಹೋಗಿ ಕೂತ. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ.

ರಾತ್ರಿ ಹಡಗಿನಲ್ಲಿ ನಾನು ಬೇಗ ಮಲಗಿದೆ. ನಿದ್ದೆ ಬಂದಿರಲಿಲ್ಲ. ಅಪ್ಪ ಮಗ ಕೆಳಗೆ ಕೂತು ಮಾತಾಡುತ್ತಿದ್ದರು. “ಅಮ್ಮನ ಸೂಟ್‌ಕೇಸಿಗೆ ಹಡಗು ಎಷ್ಟು ಮುಳುಗುತ್ತೆ ಗೊತ್ತೇನಪ್ಪ?” ಎಂದ ಮಗ. ಪ್ರಶ್ನೆಕೋಶದ ಹಿಂದಿನ ಖಾಲಿ ಹಾಳೆಯಲ್ಲೇ ಲೆಕ್ಕ ಶುರುವಾಯಿತು. ಹಡಗು ನೂರಿಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಅಗಲ ಎಂದಿಟ್ಟುಕೊಳ್ಳೋಣ. ಮೂತಿ ಬಾಲ ಚೂಪಾಗಿರುವುದರಿಂದ ಕಾಲು ಭಾಗ ಕಳೆ. ನೀರಿನ ಮಟ್ಟದಲ್ಲಿ ಹದಿನೆಂಟುನೂರು ಚದರ ಮೀಟರು. ಒಂದು ಸೆಂಟಿಮೀಟರು ಮುಳುಗಿದರೆ ಹದಿನೆಂಟು ಘನಮೀಟರು ಉಪ್ಪುನೀರು ಪಕ್ಕಕ್ಕೆ ಸರಿಯಬೇಕು, ಅಂದರೆ ಹದಿನೆಂಟೂವರೆ ಟನ್ನು. ಏಳುನೂರು ಜನ ತಲಾ ಹದಿನೈದು ಕಿಲೋ ತಂದರೂ ಹತ್ತೂವರೆ ಟನ್ನು. “ಅರ್ಧ ಸೆಂಟಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ! ಹಡಗಿಗೆ ಅಮ್ಮನ ಸೂಟ್‌ಕೇಸು ಲೆಕ್ಕಕ್ಕೇ ಇಲ್ಲ.”

ಧಕ್ಕೆಯಲ್ಲಿ ಹಡಗಿನ ಪಕ್ಕೆಯ ಮೇಲೆ ಒಂದು ವೃತ್ತ, ನಡುವೆ ಅಡ್ಡಗೆರೆ ಇರುವುದನ್ನೂ ಅವನು ನೋಡಿದ್ದನಂತೆ. ನಾನು ಬಣ್ಣದ ಗುರುತೆಂದುಕೊಂಡಿದ್ದೆ. ಹಿಂದೆ ಇಂಗ್ಲೆಂಡಿನಲ್ಲಿ ಲಾಭದ ಆಸೆಗೆ ಹಡಗಿನ ತುಂಬ ಸರಕು ತುರುಕಿ ನಾವಿಕರನ್ನು ಮುಳುಗಿಸುತ್ತಿದ್ದರಂತೆ. ಅವಕ್ಕೆ ಶವಪೆಟ್ಟಿಗೆ ಹಡಗುಗಳೆಂದೇ ಹೆಸರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಹೋರಾಡಿ 1876ರಲ್ಲಿ ಕಾಯಿದೆ ಮಾಡಿಸಿದ. ಇಷ್ಟಕ್ಕಿಂತ ಹೆಚ್ಚು ಮುಳುಗುವಂತೆ ಹೇರಬಾರದು ಎಂಬ ಗೆರೆ ಅದು. ಸಿಹಿನೀರಿಗೆ ಬೇರೆ ಗೆರೆ, ಉಪ್ಪುನೀರಿಗೆ ಬೇರೆ. ಚಳಿಗಾಲದ ಒರಟು ಕಡಲಿಗೆ ಇನ್ನೂ ಕೆಳಗೊಂದು. ಹುಡುಗ ಇದನ್ನೆಲ್ಲ ಹೇಳುತ್ತಿದ್ದ ದನಿ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಕೇಳಿರಲಿಲ್ಲ. ಕೋಚಿಂಗಿನಲ್ಲಿ ಅವನಿಗೆ ಕಡಿಮೆ ಅಂಕ ಬರುತ್ತಿದ್ದದ್ದು ಜೀವಶಾಸ್ತ್ರದಲ್ಲಿ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲೆ ಮಲಗಿದ್ದ ನನಗೇ ಕೇಳಲೆಂದೋ ಏನೋ, ಹೇಳಿದ: “ಮೇನಲ್ಲಿ ಪರೀಕ್ಷೆ ಬರೀತೀನಿ. ಆದ್ರೆ ಸೀಟು ಬಂದ್ರೂ ನಾನು ಡಾಕ್ಟರ್ ಓದಲ್ಲ. ಹೋದ ವರ್ಷನೂ ಹೇಳೋಣ ಅಂತಿದ್ದೆ.”

ನಾನು ಎದ್ದು ಕೂತು ತಲೆಯನ್ನು ಚಾವಣಿಗೆ ಬಡಿಸಿಕೊಂಡೆ. ಆಮೇಲೆ ನಡೆದದ್ದು ಇಲ್ಲಿ ಬೇಡ. ಪಕ್ಕದ ಕೋಣೆಯವರು ಗೋಡೆ ತಟ್ಟುವವರೆಗೂ ನಡೆಯಿತು ಎಂದರೆ ಸಾಕು.

ಮರುದಿನ ಮಿನಿಕಾಯ್. ಅಲ್ಲಿಯ ಭಾಷೆ ಮಹಲ್, ಮಾಲ್ಡೀವ್ಸಿನವರದಕ್ಕೆ ಹತ್ತಿರದ್ದು. 1885ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅಪ್ಪ ಮಗ ಹತ್ತಿದರು, ನಾನು ಕೆಳಗೆ ಕೂತಿದ್ದೆ. ಯಾರೂ ಯಾರೊಂದಿಗೂ ಮಾತಿಲ್ಲ. ಕಾಲಬುಡದಲ್ಲಿ ಬಿದ್ದಿದ್ದ ಬಿಳಿ ಹವಳದ ಚೂರೊಂದನ್ನು ಮನೆಯ ಶೋಕೇಸಿಗೆಂದು ಎತ್ತಿಕೊಂಡೆ. ಅಲ್ಲಿಯೇ ನಿಂತಿದ್ದ ಹುಡುಗಿಯೊಬ್ಬಳು ಬೇಡ ಎಂದು ಕೈಸನ್ನೆ ಮಾಡಿದಳು. ಸತ್ತ ಹವಳವನ್ನೂ ಒಯ್ಯುವಂತಿಲ್ಲ, ಕಾನೂನು. ಇಟ್ಟುಬಿಟ್ಟೆ. ದೋಣಿ ಹತ್ತುವಾಗ ಚೀಲ ಕೊಡು ಎಂದು ಮಗ ಕೈ ಚಾಚಿದ. ಕೊಟ್ಟೆ. ಅಲೆಯೊಂದು ಎರಚಿ ಚೀಲವೆಲ್ಲ ತೊಯ್ದುಹೋಯಿತು. ಪ್ಲಾಸ್ಟಿಕ್ಕಿನ ಗಂಟು ಸಡಿಲಿತ್ತು. ಉಪ್ಪುನೀರು ಕುಡಿದ ಪ್ರಶ್ನೆಕೋಶ ಊರಿಗೆ ಬರುವ ಹೊತ್ತಿಗೆ ಉಬ್ಬಿ ಎರಡರಷ್ಟಾಗಿತ್ತು.

ಅವನು ಮೇ ತಿಂಗಳಲ್ಲಿ ಪರೀಕ್ಷೆ ಬರೆದ. ಸೀಟು ಬರಲಿಲ್ಲ. ಹಾಗಾಗಿ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ಪರೀಕ್ಷೆಗೇ ಒಳಪಡಲಿಲ್ಲ. ಬಿ.ಎಸ್ಸಿ. ಸೇರಿದ, ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡಿದ, ಈಗ ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತಾನೆ. ನನ್ನ ತಂಗಿಯ ಮಗಳು ಎಂ.ಬಿ.ಬಿ.ಎಸ್. ಓದುತ್ತಿದ್ದಾಳೆ. ಆ ಸುದ್ದಿ ಬಂದರೆ ಈಗಲೂ ಒಳಗೊಮ್ಮೆ ಚುಳ್ ಎನ್ನುತ್ತದೆ. ಸುಳ್ಳು ಏಕೆ ಹೇಳಲಿ.

ಹೋದ ದೀಪಾವಳಿಗೆ ಬಂದು ಹೊರಟು ನಿಂತಾಗ ಚೀಲ ಎತ್ತಿ ನೋಡಿದ. “ಏನಮ್ಮ ಇಷ್ಟು ಭಾರ? ಏನು ತುರುಕಿದ್ದೀಯ ಒಳಗೆ?” ಎಂದ. ಚಕ್ಕುಲಿ ಕಣೋ ಎಂದೆ. ನಂಬಲಿಲ್ಲ. ಅಂಗಳದಲ್ಲೇ ಚೀಲ ಇಳಿಸಿ, ಜಿಪ್ ಎಳೆದು, ಬಟ್ಟೆಗಳ ಅಡಿಯವರೆಗೂ ಕೈ ಹಾಕಿ ನೋಡಿದ. ಚಕ್ಕುಲಿಯೇ ಇತ್ತು.